ಕಾರ್ಬ್ಯುರೇಟರಿನ ಹಳೆಯ ರೋಟರಿ ಎಂಜಿನ್ನಿಗೆ ಇಂಧನ ಇಂಜೆಕ್ಷನ್ ಅಳವಡಿಸುವ ಕ್ರಮ

ಜಪಾನಿನ ಮಜ್ದಾ ಕಂಪನಿಯ 12ಎ ಮತ್ತು ಕಾರ್ಬ್ಯುರೇಟರಿನ ಕಾಲದ 13ಬಿ ರೋಟರಿ ಎಂಜಿನ್ನುಗಳನ್ನು, ಅಂದರೆ ಪಿಸ್ಟನ್ನಿನ ಬದಲು ಮೂರು ಮುಖದ ರೋಟರ್ ತಿರುಗುವ ಎಂಜಿನ್ನುಗಳನ್ನು, ಇಂದಿಗೂ ಜತನದಿಂದ ಓಡಿಸುತ್ತಿರುವವರಿದ್ದಾರೆ. ಅವರಲ್ಲಿ ಬಹುತೇಕರಿಗೆ ಒಂದಲ್ಲ ಒಂದು ಹಂತದಲ್ಲಿ ಇಂಜೆಕ್ಷನ್ (ವಿದ್ಯುನ್ಮಾನ ನಿಯಂತ್ರಣದಲ್ಲಿ ಪೆಟ್ರೋಲ್ ಸಿಂಪಡಿಸುವ ವ್ಯವಸ್ಥೆ) ಅಳವಡಿಸುವ ಯೋಚನೆ ಬಂದೇ ಬರುತ್ತದೆ. ಚಳಿಯಲ್ಲಿ ತೊಂದರೆಯಿಲ್ಲದೆ ಸ್ಟಾರ್ಟ್ ಆಗುವುದು, ಘಟ್ಟ ಹತ್ತಿದಾಗ ಗಾಳಿಯ ಒತ್ತಡಕ್ಕೆ ತಕ್ಕಂತೆ ಮಿಶ್ರಣ ತಾನಾಗಿಯೇ ಹೊಂದಿಕೊಳ್ಳುವುದು, ತಿರುವುಗಳಲ್ಲಿ ಕಾರ್ಬ್ಯುರೇಟರಿನ ಫ್ಲೋಟ್ ಬೌಲಿನ ಪೆಟ್ರೋಲ್ ಒಂದು ಬದಿಗೆ ವಾಲಿ ಎಂಜಿನ್ ಮುಗ್ಗರಿಸದಿರುವುದು, ಇವೆಲ್ಲ ನಿಜವಾದ ಲಾಭಗಳೇ. ಆದರೆ ಎಂಜಿನ್ನಿನ ಗರಿಷ್ಠ ಶಕ್ತಿ ಬಹಳ ಹೆಚ್ಚುತ್ತದೆಂದು ನಿರೀಕ್ಷಿಸಬಾರದು. ಸರಿಯಾದ ಜೆಟ್ ಹಾಕಿದ ಒಳ್ಳೆಯ ಕಾರ್ಬ್ಯುರೇಟರ್ ಪೂರ್ಣ ಥ್ರಾಟಲ್‌ನಲ್ಲಿ ಇಂಜೆಕ್ಷನ್ನಿಗಿಂತ ಹೆಚ್ಚೇನೂ ಹಿಂದೆ ಬೀಳುವುದಿಲ್ಲ.

ಪಿಸ್ಟನ್ ಎಂಜಿನ್ನುಗಳಿಗಾಗಿ ಬರೆದ ಕ್ರಮವನ್ನು ಇಲ್ಲಿ ಹಾಗೆಯೇ ಅನುಸರಿಸಿದರೆ ಎಂಜಿನ್ನಿಗೇ ಅಪಾಯ. ಈ ಎಂಜಿನ್ನುಗಳಲ್ಲಿ ಕಾರ್ಬ್ಯುರೇಟರ್ ಪೆಟ್ರೋಲ್ ಅಳೆದು ಕೊಡುವುದಷ್ಟೇ ಅಲ್ಲದೆ ರೋಟರಿನ ತುದಿಗಳಲ್ಲಿರುವ ಎಪೆಕ್ಸ್ ಸೀಲುಗಳಿಗೆ ಬೇಕಾದ ಎಣ್ಣೆಯನ್ನೂ ಒಳಗೆ ಕಳುಹಿಸುತ್ತದೆ. ಆ ಎಣ್ಣೆಯ ಪ್ರಮಾಣವನ್ನು ಹೆಚ್ಚುಕಡಿಮೆ ಮಾಡುವ ಕಡ್ಡಿ ಅದರ ಥ್ರಾಟಲ್ ಲಿಂಕೇಜಿಗೇ ಸೇರಿಕೊಂಡಿರುತ್ತದೆ, ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಅಡ್ವಾನ್ಸಿಗೆ (ಕಿಡಿಯನ್ನು ಬೇಗ ಕೊಡಿಸುವ ಭಾಗಕ್ಕೆ) ಬೇಕಾದ ಸೆಳೆತವೂ ಅಲ್ಲಿಂದಲೇ ಬರುತ್ತದೆ. ಆದುದರಿಂದ ಕಾರ್ಬ್ಯುರೇಟರ್ ಈವರೆಗೆ ಮಾಡುತ್ತಿದ್ದ ಪ್ರತಿಯೊಂದು ಕೆಲಸವನ್ನೂ ಮುಂದೆ ಯಾವುದು ವಹಿಸಿಕೊಳ್ಳಲಿದೆ ಎಂಬುದು, ಅದರ ಮೊದಲ ಬೋಲ್ಟ್ ಬಿಚ್ಚುವ ಮುನ್ನವೇ ತೀರ್ಮಾನವಾಗಿರಬೇಕು. ಈ ಲೇಖನದ ಕ್ರಮ ಆ ಲೆಕ್ಕಾಚಾರವನ್ನೇ ಅನುಸರಿಸುತ್ತದೆ. ಇಲ್ಲಿ ಹೇಳಿರುವುದೆಲ್ಲ ಟರ್ಬೊ ಇಲ್ಲದ, ಕಾರ್ಖಾನೆಯಿಂದ ಬಂದ ಅಳತೆಯ ಪೋರ್ಟುಗಳಿರುವ (ಮಿಶ್ರಣ ಒಳಬರುವ, ಹೊಗೆ ಹೊರಹೋಗುವ ಕಿಂಡಿಗಳಿರುವ) ಎರಡು ರೋಟರುಗಳ ಎಂಜಿನ್ನಿಗೆ ಅನ್ವಯಿಸುತ್ತದೆ. ಹೊಗೆ ನಿಯಂತ್ರಣ ಮತ್ತು ವಾಹನ ಮಾರ್ಪಾಡಿನ ಬಗ್ಗೆ ತಮ್ಮ ಊರಿನ ಕಾನೂನು ಏನು ಹೇಳುತ್ತದೆಂದು ಮೊದಲೇ ತಿಳಿದುಕೊಳ್ಳುವುದು ಓದುಗರ ಹೊಣೆ.

ಮೊದಲು ಎಂಜಿನ್ನಿನ ಸ್ಥಿತಿ

ಸವೆದ ಎಂಜಿನ್ನಿಗೆ ಇಂಜೆಕ್ಷನ್ ಮದ್ದಲ್ಲ. ಕಂಪ್ರೆಷನ್ ಕಡಿಮೆಯಾದ ರೋಟರಿಗೆ ಎಷ್ಟೇ ನಿಖರವಾಗಿ ಪೆಟ್ರೋಲ್ ಕೊಟ್ಟರೂ ಅದು ಬಿಸಿಯಾದಾಗ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಐಡ್ಲಿಂಗಿನಲ್ಲಿ ತೂಗಾಡುತ್ತದೆ. ಆಗ ದೋಷ ಎಂಜಿನ್ನಿನದೋ ಹೊಸ ವ್ಯವಸ್ಥೆಯದೋ ಎಂದು ತಿಳಿಯದೆ ವಾರಗಟ್ಟಲೆ ಹುಡುಕಾಡಬೇಕಾಗುತ್ತದೆ. ಪ್ರತಿ ರೋಟರಿಗೆ ಮೂರು ಮುಖಗಳಿರುವುದರಿಂದ ಮೂರರ ಒತ್ತಡವನ್ನೂ ಬೇರೆಬೇರೆಯಾಗಿ ತೋರಿಸುವ ರೋಟರಿ ಕಂಪ್ರೆಷನ್ ಟೆಸ್ಟರ್ ಬಳಸುವುದು ಉತ್ತಮ. ಅದು ಸಿಗದಿದ್ದರೆ ಸಾಮಾನ್ಯ ಗೇಜಿನ ಒಳಗಿನ ಒಮ್ಮುಖ ವಾಲ್ವನ್ನು ತೆಗೆದು, ಲೀಡಿಂಗ್ ಪ್ಲಗ್ಗಿನ (ಪ್ರತಿ ರೋಟರಿಗಿರುವ ಎರಡು ಪ್ಲಗ್ಗುಗಳಲ್ಲಿ ಮೊದಲು ಕಿಡಿ ಕೊಡುವುದು ಲೀಡಿಂಗ್, ನಂತರ ಕೊಡುವುದು ಟ್ರೇಲಿಂಗ್) ರಂಧ್ರಕ್ಕೆ ಸೇರಿಸಿ, ಸ್ಟಾರ್ಟರ್ ತಿರುಗಿಸಿದಾಗ ಮುಳ್ಳು ಮೂರು ಸಮನಾದ ಜಿಗಿತಗಳನ್ನು ತೋರಿಸುತ್ತದೆಯೇ ಎಂದು ನೋಡಬೇಕು. ಎರಡು ಜಿಗಿತ ಜೋರಾಗಿದ್ದು ಮೂರನೆಯದು ಕುಂಟಿದರೆ ಸೀಲಿನಲ್ಲಿ ತೊಂದರೆಯಿದೆ. ಬೆಚ್ಚಗಿನ ಎಂಜಿನ್ನಿನಲ್ಲಿ, 250 ಆರ್‌ಪಿಎಂ ವೇಗದಲ್ಲಿ, ಒತ್ತಡ ಸುಮಾರು 85 ಪಿಎಸ್‌ಐಗಿಂತ ಕೆಳಗಿಳಿದಿದ್ದರೆ ಇಂಜೆಕ್ಷನ್ನಿಗೆಂದು ತೆಗೆದಿಟ್ಟ ಹಣವನ್ನು ಎಂಜಿನ್ ಬಿಚ್ಚಿ ಕಟ್ಟುವುದಕ್ಕೆ ಬಳಸುವುದೇ ವಿವೇಕ.

ಇದರ ಜೊತೆಗೆ ಕೂಲಂಟ್ ಸೋರಿಕೆ, ಬ್ಯಾಟರಿ, ಆಲ್ಟರ್ನೇಟರುಗಳನ್ನೂ ಪರೀಕ್ಷಿಸಬೇಕು. ಇಂಜೆಕ್ಷನ್ನಿನ ಪೆಟ್ರೋಲ್ ಪಂಪ್ ಮತ್ತು ಇಗ್ನಿಷನ್ ಕಾಯಿಲುಗಳು ಹಳೆಯ ವ್ಯವಸ್ಥೆಗಿಂತ ಗಣನೀಯವಾಗಿ ಹೆಚ್ಚು ವಿದ್ಯುತ್ ಬೇಡುತ್ತವೆ. ವೋಲ್ಟೇಜ್ ಕುಸಿದರೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರುಗಳು ತಡವಾಗಿ ತೆರೆದುಕೊಂಡು ಮಿಶ್ರಣ ತೆಳುವಾಗುತ್ತದೆ, ಅಂದರೆ ಅದರಲ್ಲಿ ಪೆಟ್ರೋಲ್ ಕಡಿಮೆಯಾಗುತ್ತದೆ.

ಇಗ್ನಿಷನ್ ಮೊದಲು, ಪೆಟ್ರೋಲ್ ಆಮೇಲೆ

ಅನೇಕರು ಎಲ್ಲವನ್ನೂ ಒಂದೇ ಸಲ ಬದಲಿಸುತ್ತಾರೆ. ನನ್ನ ಖಚಿತ ಅಭಿಪ್ರಾಯದಲ್ಲಿ ಅದು ಸರಿಯಾದ ದಾರಿಯಲ್ಲ. ಕಾರ್ಬ್ಯುರೇಟರ್ ಇದ್ದ ಹಾಗೆಯೇ ಇರಲಿ. ಮೊದಲು ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್), ಟ್ರಿಗರ್ ಚಕ್ರ (ಶಾಫ್ಟಿನ ಸ್ಥಾನವನ್ನು ಅದಕ್ಕೆ ತಿಳಿಸುವ ಹಲ್ಲಿನ ಚಕ್ರ) ಮತ್ತು ಕಾಯಿಲುಗಳನ್ನು ಕೂರಿಸಿ ಇಗ್ನಿಷನ್ ಮಾತ್ರ ಇಸಿಯು ಕೈಗೆ ಬರಲಿ. ಎಂಜಿನ್ ಗೊತ್ತಿರುವ ಮಿಶ್ರಣದಲ್ಲಿ ಓಡುತ್ತಿರುವಾಗ ಟೈಮಿಂಗ್ ತಪ್ಪಿದ್ದರೆ ತಕ್ಷಣ ತಿಳಿಯುತ್ತದೆ. ಕೆಲವು ದಿನ ಹೀಗೆಯೇ ಓಡಿಸಿ ಭರವಸೆ ಬಂದ ಮೇಲೆ ಪೆಟ್ರೋಲಿನ ಕಡೆಗೆ ಕೈಹಾಕಿದರೆ, ಆಮೇಲೆ ಕಾಣಿಸಿಕೊಳ್ಳುವ ಯಾವುದೇ ಸಮಸ್ಯೆಯ ಮೂಲ ಇಂಜೆಕ್ಷನ್ನಿನಲ್ಲಿಯೇ ಇದೆ ಎಂದು ಧೈರ್ಯವಾಗಿ ಹೇಳಬಹುದು.

ಇಸಿಯು ಆರಿಸುವಾಗ ಲೀಡಿಂಗ್ ಮತ್ತು ಟ್ರೇಲಿಂಗ್ ಪ್ಲಗ್ಗುಗಳನ್ನು ಪ್ರತ್ಯೇಕವಾಗಿ ನಿಯಂತ್ರಿಸುವ ರೋಟರಿ ವ್ಯವಸ್ಥೆ ಅದರಲ್ಲಿದೆಯೇ ಎಂಬುದನ್ನು ಎಲ್ಲಕ್ಕಿಂತ ಮೊದಲು ನೋಡಬೇಕು. ಹಾಲ್‌ಟೆಕ್, ಮೆಗಾಸ್ಕ್ವರ್ಟ್ ಮುಂತಾದವುಗಳಲ್ಲಿ ಈ ಸೌಲಭ್ಯವಿರುತ್ತದೆಯಾದರೂ ಕೊಳ್ಳಲಿರುವ ನಿರ್ದಿಷ್ಟ ಮಾದರಿಯ ಕೈಪಿಡಿಯನ್ನು ಓದಿ ಖಾತ್ರಿಪಡಿಸಿಕೊಳ್ಳುವುದು ಅಗತ್ಯ.

ಟ್ರಿಗರ್ ಚಕ್ರವಾಗಿ, 36 ಹಲ್ಲುಗಳ ಜಾಗದಲ್ಲಿ ಒಂದನ್ನು ಬಿಟ್ಟಿರುವ ಚಕ್ರವನ್ನು ಮುಂದಿನ ಪುಲ್ಲಿಗೆ ಕಟ್ಟುವುದು ಸರಳವೂ ನಿಖರವೂ ಆದ ದಾರಿ. ಸೆನ್ಸರ್ ಹಿಡಿಯುವ ಬ್ರಾಕೆಟ್ ದಪ್ಪಗಿದ್ದು ಅಲುಗದಂತಿರಬೇಕು. ಹಲ್ಲಿಗೂ ಸೆನ್ಸರಿಗೂ ನಡುವಿನ ಅಂತರ ಒಂದು ಮಿಲಿಮೀಟರಿನ ಆಸುಪಾಸಿನಲ್ಲಿದ್ದು, ಚಕ್ರದ ಸುತ್ತಲೂ ಒಂದೇ ಸಮನಾಗಿರಬೇಕು. ಎರಡನೆಯ ತಲೆಮಾರಿನ ಆರ್‌ಎಕ್ಸ್-7ರಲ್ಲಿ ಮಜ್ದಾ ಡಿಸ್ಟ್ರಿಬ್ಯೂಟರನ್ನು ಕೈಬಿಟ್ಟು ಅದೇ ಜಾಗದಲ್ಲಿ ಶಾಫ್ಟಿನ ಕೋನ ಗುರುತಿಸುವ ಸೆನ್ಸರನ್ನು ಕೂರಿಸಿತು. ಅದನ್ನು ಬಳಸುವವರೂ ಇದ್ದಾರೆ. ಆದರೆ ಅದು ಗೇರಿನ ಮೂಲಕ ತಿರುಗುವುದರಿಂದ ಹಲ್ಲುಗಳ ನಡುವಿನ ಸಡಿಲ ಟೈಮಿಂಗಿನಲ್ಲಿ ಕಾಣಿಸಿಕೊಳ್ಳುತ್ತದೆ. ಆದುದರಿಂದ ಪುಲ್ಲಿಯ ಚಕ್ರವೇ ನನಗೆ ಹೆಚ್ಚು ಇಷ್ಟ.

ರೋಟರ್ ಒಂದು ಸುತ್ತು ತಿರುಗುವಷ್ಟರಲ್ಲಿ ಎಂಜಿನ್ನಿನ ಮುಖ್ಯ ಶಾಫ್ಟಾದ ಎಕ್ಸೆಂಟ್ರಿಕ್ ಶಾಫ್ಟ್ ಮೂರು ಸುತ್ತು ತಿರುಗುತ್ತದೆ. ರೋಟರಿಗೆ ಮೂರು ಮುಖಗಳಿರುವುದರಿಂದ ಶಾಫ್ಟಿನ ಪ್ರತಿ ಸುತ್ತಿಗೂ ಪ್ರತಿ ರೋಟರ್ ಒಂದು ಸಲ ಉರಿಯುತ್ತದೆ. ಎರಡು ರೋಟರುಗಳ ಉರಿತದ ನಡುವಿನ ಅಂತರ 180 ಡಿಗ್ರಿ. ಅಂದರೆ ಉರಿಯುವ ಕ್ರಮ ಪ್ರತಿ ಸುತ್ತಿನಲ್ಲೂ ಒಂದೇ ರೀತಿ ಪುನರಾವರ್ತನೆಯಾಗುವುದರಿಂದ, ಪಿಸ್ಟನ್ ಎಂಜಿನ್ನಿಗೆ ಬೇಕಾಗುವ ಕ್ಯಾಮ್ ಸೆನ್ಸರಿನ ಅಗತ್ಯವೇ ಇಲ್ಲಿಲ್ಲ.

ಲೀಡಿಂಗ್ ಪ್ಲಗ್ಗುಗಳೆರಡಕ್ಕೂ ಒಂದೇ ಕಾಯಿಲಿನಿಂದ ಏಕಕಾಲಕ್ಕೆ ಕಿಡಿ ಕೊಡಬಹುದು. ಮಜ್ದಾ ಕೂಡ ಹಾಗೆ ಮಾಡಿದೆ. ಟ್ರೇಲಿಂಗ್ ಪ್ಲಗ್ಗುಗಳಿಗೆ ಮಾತ್ರ ಇದು ಸಲ್ಲದು. ಟ್ರೇಲಿಂಗ್ ಪ್ಲಗ್ ತಪ್ಪು ಹೊತ್ತಿನಲ್ಲಿ ಕಿಡಿ ಹಾರಿಸಿದರೆ ಇನ್ನೂ ಸೇವನೆಯ ಹಂತದಲ್ಲಿರುವ ಹೊಸ ಮಿಶ್ರಣಕ್ಕೆ ಬೆಂಕಿ ತಗುಲುವ ಅಪಾಯವಿದೆ. ಆದುದರಿಂದ ಅವಕ್ಕೆ ಎರಡು ಪ್ರತ್ಯೇಕ ಕಾಯಿಲುಗಳು ಬೇಕು, ಮುಂದಿನ ಮತ್ತು ಹಿಂದಿನ ರೋಟರಿನ ಟ್ರೇಲಿಂಗ್ ವೈರುಗಳು ಅದಲುಬದಲಾಗಿಲ್ಲವೆಂದು ಎರಡೆರಡು ಸಲ ನೋಡಬೇಕು. ಟ್ರೇಲಿಂಗ್ ಕಿಡಿ ಲೀಡಿಂಗಿಗಿಂತ 10ರಿಂದ 15 ಡಿಗ್ರಿ ತಡವಾಗಿ ಬರುವಂತೆ ಆರಂಭಿಸಿದರೆ ಸುರಕ್ಷಿತ. ಲೀಡಿಂಗ್ ಅಡ್ವಾನ್ಸಿಗೆ ಕಾರ್ಖಾನೆಯ ಡಿಸ್ಟ್ರಿಬ್ಯೂಟರಿನ ಅಡ್ವಾನ್ಸ್ ವಿವರಗಳನ್ನೇ ಇಸಿಯುವಿನ ಟೇಬಲಿಗೆ (ವೇಗ ಮತ್ತು ಹೊರೆಗೆ ತಕ್ಕ ಅಂಕೆಗಳ ಪಟ್ಟಿಗೆ) ಇಳಿಸಿಕೊಳ್ಳುವುದು ಒಳ್ಳೆಯದು. ಆ ಎಂಜಿನ್ನಿಗೆ ಅದು ಸರಿಹೊಂದುತ್ತದೆಂದು ವರ್ಷಗಳ ಓಟವೇ ಸಾಬೀತುಮಾಡಿದೆ.

ಎಲ್ಲ ಜೋಡಿಸಿದ ಮೇಲೆ ಇಸಿಯುವಿನಲ್ಲಿ ಟೈಮಿಂಗನ್ನು ಒಂದು ಸ್ಥಿರ ಅಂಕೆಗೆ ಕಟ್ಟಿಹಾಕಿ, ಟೈಮಿಂಗ್ ಲೈಟಿನಿಂದ ಪುಲ್ಲಿಯ ಗುರುತನ್ನು ನೋಡಬೇಕು. ಪುಲ್ಲಿಯ ಮೇಲೆ ಲೀಡಿಂಗಿಗೊಂದು, ಟ್ರೇಲಿಂಗಿಗೊಂದು ಗುರುತು ಇರುವುದರಿಂದ ಯಾವುದು ಯಾವುದೆಂದು ಆ ಮಾದರಿಯ ವರ್ಕ್‌ಶಾಪ್ ಕೈಪಿಡಿಯಿಂದ ತಿಳಿದುಕೊಂಡಿರಬೇಕು. ಪರದೆಯ ಮೇಲಿನ ಅಂಕೆಯೂ ಪುಲ್ಲಿಯ ಮೇಲೆ ಕಾಣುವುದೂ ಐಡ್ಲಿಂಗಿನಲ್ಲಿ ಮಾತ್ರವಲ್ಲದೆ 3000 ಆರ್‌ಪಿಎಂನಲ್ಲೂ ಒಂದೇ ಆಗಿದ್ದರೆ ಮಾತ್ರ ಮುಂದುವರಿಯಬೇಕು.

ಎಣ್ಣೆಯ ವ್ಯವಸ್ಥೆ

ಇಡೀ ಕೆಲಸದಲ್ಲಿ ಎಂಜಿನ್ನಿನ ಆಯುಸ್ಸನ್ನು ನಿರ್ಧರಿಸುವ ಭಾಗ ಇದು. ಎಪೆಕ್ಸ್ ಸೀಲುಗಳು ರೋಟರ್ ಹೌಸಿಂಗಿನ ಒಳಮೈಯನ್ನು ಸದಾ ಉಜ್ಜುತ್ತಲೇ ಇರುತ್ತವೆ. ಪಿಸ್ಟನ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಕೇಸಿನಿಂದ ಸಿಡಿಯುವ ಎಣ್ಣೆ ಸಿಲಿಂಡರಿನ ಗೋಡೆಯನ್ನು ತೋಯಿಸುವಂತೆ ಇಲ್ಲಿ ಯಾವ ಎಣ್ಣೆಯೂ ತಾನಾಗಿ ಆ ಜಾಗಕ್ಕೆ ತಲುಪುವುದಿಲ್ಲ. ಅದಕ್ಕಾಗಿಯೇ ಮಜ್ದಾ ಮೀಟರಿಂಗ್ ಆಯಿಲ್ ಪಂಪ್ ಎಂಬ ಸಣ್ಣ ಪಂಪನ್ನು ಇಟ್ಟಿತು. ಅದು ಎಂಜಿನ್ ಎಣ್ಣೆಯನ್ನು ತೆಳುವಾದ ಕೊಳವೆಗಳಲ್ಲಿ ಕಾರ್ಬ್ಯುರೇಟರಿಗೆ ಕಳುಹಿಸುತ್ತದೆ. ಅಲ್ಲಿಂದ ಎಣ್ಣೆ ಮಿಶ್ರಣದ ಜೊತೆಗೂಡಿ ಒಳಗೆ ಹೋಗಿ ಸೀಲಿಗೆ ಸವರಿಕೊಂಡು ಉರಿದುಹೋಗುತ್ತದೆ. ಆಕ್ಸಿಲರೇಟರ್ ಒತ್ತಿದಷ್ಟೂ ಎಣ್ಣೆ ಹೆಚ್ಚಾಗಲೆಂದೇ ಪಂಪಿನ ಲಿವರ್‌ಗೆ ಕಾರ್ಬ್ಯುರೇಟರಿನಿಂದ ಒಂದು ಕಡ್ಡಿ ಇಳಿದಿರುತ್ತದೆ.

ಕಾರ್ಬ್ಯುರೇಟರ್ ಹೋದರೆ ಎಣ್ಣೆ ಬೀಳುವ ಜಾಗವೂ ಹೋಗುತ್ತದೆ, ಕಡ್ಡಿಯ ಆಧಾರವೂ ಹೋಗುತ್ತದೆ. ಇದಕ್ಕೆ ಎರಡು ಪರಿಹಾರಗಳಿವೆ.

ಪಂಪನ್ನು ಉಳಿಸಿಕೊಳ್ಳುವುದು ಮೊದಲನೆಯದು. ಎಣ್ಣೆಯ ಕೊಳವೆಗಳನ್ನು ಇನ್‌ಟೇಕ್ ಮ್ಯಾನಿಫೋಲ್ಡಿನ ಎರಡು ರೋಟರುಗಳ ದಾರಿಗಳಿಗೆ ಪ್ರತ್ಯೇಕವಾಗಿ ಜೋಡಿಸಿ, ಕಾರ್ಬ್ಯುರೇಟರಿನ ಬದಲು ಗಾಳಿಯನ್ನು ನಿಯಂತ್ರಿಸುವ ಹೊಸ ಥ್ರಾಟಲ್ ಬಾಡಿಯ ತೋಳಿನಿಂದ ಪಂಪಿನ ಲಿವರ್‌ಗೆ ಹೊಸ ಕಡ್ಡಿ ಅಥವಾ ಕೇಬಲ್ ಮಾಡಿಸಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ. ಐಡ್ಲಿಂಗಿನಲ್ಲಿ ಮ್ಯಾನಿಫೋಲ್ಡಿನೊಳಗೆ ಬಲವಾದ ನಿರ್ವಾತವಿರುತ್ತದೆ. ಕೊಳವೆಯನ್ನು ನೇರವಾಗಿ ಚುಚ್ಚಿಬಿಟ್ಟರೆ ಆ ಸೆಳೆತ ಪಂಪಿನ ಅಳತೆಯನ್ನು ಮೀರಿ ಎಣ್ಣೆಯನ್ನು ಎಳೆದುಕೊಳ್ಳುತ್ತದೆ. ಮಜ್ದಾ ತನ್ನ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಎಣ್ಣೆಯ ನಾಜಲುಗಳಿಗೆ ಥ್ರಾಟಲಿನ ಮೇಲ್ಭಾಗದ ಶುದ್ಧ ಗಾಳಿಯ ಸಂಪರ್ಕ ಕೊಟ್ಟು ಈ ಸೆಳೆತವನ್ನು ಮುರಿದಿತ್ತು. ಅಂಥ ನಾಜಲುಗಳನ್ನೇ ಬಳಸಿ ಅವುಗಳ ಗಾಳಿಯ ಕೊಳವೆಯನ್ನು ಏರ್ ಫಿಲ್ಟರಿನ ನಂತರದ, ಥ್ರಾಟಲಿನ ಮುಂಚಿನ ಜಾಗಕ್ಕೆ ಸೇರಿಸುವುದು ಸರಿಯಾದ ಕ್ರಮ. ಹೊಸ ಲಿಂಕೇಜಿನಲ್ಲಿ ಥ್ರಾಟಲ್ ಪೂರ್ತಿ ತೆರೆದಾಗ ಪಂಪಿನ ಲಿವರೂ ಪೂರ್ತಿ ಚಲಿಸುತ್ತದೆಯೇ ಎಂದು ಕೈಯಿಂದ ತಿರುಗಿಸಿ ನೋಡಬೇಕು.

ಎರಡನೆಯದು ಪಂಪನ್ನು ತೆಗೆದು, ಜಾಗವನ್ನು ತಗಡಿನಿಂದ ಮುಚ್ಚಿ, ಪೆಟ್ರೋಲಿಗೇ ಟೂ-ಸ್ಟ್ರೋಕ್ ಎಣ್ಣೆ ಬೆರೆಸುವುದು. ಸಾಮಾನ್ಯವಾಗಿ ನೂರರಿಂದ ನೂರಮೂವತ್ತು ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ ಹಾಕುತ್ತಾರೆ. 50 ಲೀಟರಿಗೆ ಇದು ಸುಮಾರು 400ರಿಂದ 500 ಮಿಲಿಲೀಟರ್ ಆಗುತ್ತದೆ. ಸ್ವಚ್ಛವಾಗಿ ಉರಿಯುವ, ಜಪಾನಿನ ಜಾಸೊ ಮಾನದಂಡದ ಎಫ್‌ಸಿ ಅಥವಾ ಎಫ್‌ಡಿ ದರ್ಜೆಯ ಎಣ್ಣೆಯನ್ನು ಆರಿಸಿ, ಪೆಟ್ರೋಲ್ ತುಂಬಿಸುವ ಮೊದಲೇ ಟ್ಯಾಂಕಿಗೆ ಸುರಿದರೆ ಚೆನ್ನಾಗಿ ಬೆರೆಯುತ್ತದೆ. ಈ ವಿಧಾನ ಸರಳ, ಕೊಳವೆಗಳ ಗೋಜಿಲ್ಲ, ಎಣ್ಣೆಯೂ ಶುದ್ಧ. ಆದರೆ ಒಂದೇ ಒಂದು ಸಲ ಮರೆತರೂ ಸೀಲುಗಳು ಒಣಗಿ ಓಡುತ್ತವೆ. ಮನೆಯ ಇತರರೂ ಓಡಿಸುವ, ಎಲ್ಲೆಂದರಲ್ಲಿ ಪೆಟ್ರೋಲ್ ಹಾಕಿಸಬೇಕಾಗುವ ವಾಹನವಾದರೆ ಪಂಪನ್ನು ಉಳಿಸಿಕೊಳ್ಳಿ ಎಂದೇ ನಾನು ಹೇಳುತ್ತೇನೆ. ಹೊಸ ವ್ಯವಸ್ಥೆಯ ಪರೀಕ್ಷೆ ಮುಗಿಯುವವರೆಗಂತೂ, ಪಂಪ್ ಇದ್ದರೂ ಸ್ವಲ್ಪ ಎಣ್ಣೆಯನ್ನು ಪೆಟ್ರೋಲಿಗೆ ಬೆರೆಸಿಯೇ ಓಡಿಸುವುದು ಕ್ಷೇಮ.

ಪೆಟ್ರೋಲ್ ಪೂರೈಕೆ ಮತ್ತು ಬೆಂಕಿಯ ಭಯ

ಕಾರ್ಬ್ಯುರೇಟರಿಗೆ ಮೂರು ನಾಲ್ಕು ಪಿಎಸ್‌ಐ ಒತ್ತಡ ಸಾಕು. ಇಂಜೆಕ್ಟರುಗಳಿಗೆ ಸುಮಾರು 43 ಪಿಎಸ್‌ಐ, ಅಂದರೆ 3 ಬಾರ್ ಬೇಕು. ಹತ್ತು ಪಟ್ಟಿಗೂ ಮೀರಿದ ಈ ಒತ್ತಡವನ್ನು ಹಳೆಯ ರಬ್ಬರ್ ಪೈಪುಗಳು ತಡೆಯಲಾರವು. ಟ್ಯಾಂಕಿನಿಂದ ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆಯ (ಫ್ಯೂಯಲ್ ರೈಲ್) ವರೆಗಿನ ಪ್ರತಿ ಪೈಪನ್ನೂ ಇಂಜೆಕ್ಷನ್ ಒತ್ತಡಕ್ಕೆಂದೇ ತಯಾರಾದ ಪೈಪಿನಿಂದ ಬದಲಿಸಿ, ಪೈಪನ್ನು ಕೊರೆಯದ ಇಂಜೆಕ್ಷನ್ ಕ್ಲಾಂಪುಗಳನ್ನೇ ಹಾಕಬೇಕು.

ಈ ಎಂಜಿನ್ನಿನಲ್ಲಿ ಪ್ಲಗ್ಗುಗಳು ಒಂದು ಬದಿಗಿದ್ದರೆ ಇನ್‌ಟೇಕ್ ಮತ್ತು ಎಕ್ಸಾಸ್ಟ್ ಎರಡೂ ಇನ್ನೊಂದು ಬದಿಗಿವೆ, ಇನ್‌ಟೇಕ್ ಮೇಲೆ, ಎಕ್ಸಾಸ್ಟ್ ಕೆಳಗೆ. ರೋಟರಿಯ ಎಕ್ಸಾಸ್ಟ್ ಪಿಸ್ಟನ್ ಎಂಜಿನ್ನಿನದಕ್ಕಿಂತ ಹೆಚ್ಚು ಬಿಸಿಯಾಗುತ್ತದೆ. ಇಂಜೆಕ್ಟರಿನ ಓ-ರಿಂಗಿನಿಂದ ತೊಟ್ಟಿಕ್ಕುವ ಪೆಟ್ರೋಲ್ ನೇರವಾಗಿ ಆ ಕೆಂಡದಂಥ ಮ್ಯಾನಿಫೋಲ್ಡಿನ ಮೇಲೆ ಬೀಳುತ್ತದೆ. ಆದುದರಿಂದ ಎರಡರ ನಡುವೆ ಲೋಹದ ಶಾಖ ತಡೆ ಹಾಕುವುದು, ಪೆಟ್ರೋಲ್ ಪೈಪುಗಳನ್ನು ಆದಷ್ಟು ಪ್ಲಗ್ಗಿನ ಬದಿಯಿಂದಲೇ ತರುವುದು, ಕೆಲಸ ನಡೆಯುವಷ್ಟು ದಿನ ಪೆಟ್ರೋಲ್ ಬೆಂಕಿಗೆ ತಕ್ಕ ಅಗ್ನಿಶಾಮಕವನ್ನು ಕೈಗೆಟಕುವಲ್ಲಿ ಇಡುವುದು, ಈ ಮೂರರಲ್ಲಿ ಯಾವುದನ್ನೂ ಬಿಡುವಂತಿಲ್ಲ.

ಹಳೆಯ ಟ್ಯಾಂಕುಗಳ ಒಳಗೆ ಇಂಜೆಕ್ಷನ್ನಿಗೆ ಬೇಕಾದಂಥ ತಡೆಗೋಡೆಗಳಿರುವುದಿಲ್ಲ. ತಿರುವಿನಲ್ಲಿ ಪಂಪ್ ಒಂದು ಕ್ಷಣ ಗಾಳಿ ಎಳೆದರೂ ಒತ್ತಡ ಬಿದ್ದು ಮಿಶ್ರಣ ತೆಳುವಾಗುತ್ತದೆ. ಪೂರ್ಣ ಥ್ರಾಟಲ್‌ನಲ್ಲಿ ಆ ಒಂದು ಕ್ಷಣವೇ ಸೀಲು ಮುರಿಯಲು ಸಾಕು. ಹಳೆಯ ಕಡಿಮೆ ಒತ್ತಡದ ಪಂಪ್ ಒಂದೆರಡು ಲೀಟರಿನ ಸರ್ಜ್ ಟ್ಯಾಂಕನ್ನು ತುಂಬುತ್ತಿರಲಿ, ಹೊಸ ಪಂಪ್ ಅದರಿಂದ ಎಳೆದುಕೊಳ್ಳಲಿ. ಪಂಪಿನ ಮುಂಚೆ ಒರಟು ಜಾಲರಿಯ ಫಿಲ್ಟರ್, ಪಂಪಿನ ನಂತರ 10 ಮೈಕ್ರಾನಿನ ಫಿಲ್ಟರ್ ಇರಬೇಕು. ಟ್ಯಾಂಕಿನಲ್ಲಿ ತುಕ್ಕಿದ್ದರೆ ಮೊದಲು ಟ್ಯಾಂಕ್ ಶುಚಿಯಾಗಬೇಕು. ಪೆಟ್ರೋಲ್ ಆವಿಯನ್ನು ಹಿಡಿದಿಡುವ ಚಾರ್ಕೋಲ್ ಡಬ್ಬಿ ಮತ್ತು ಟ್ಯಾಂಕಿನ ಗಾಳಿಯ ಕೊಳವೆಗಳನ್ನು ಬೇಡವೆಂದು ಕಿತ್ತುಹಾಕಬಾರದು.

ಇಂಜೆಕ್ಟರುಗಳು ಥ್ರಾಟಲಿನ ಕೆಳಗಿದ್ದರೆ ಪ್ರೆಷರ್ ರೆಗ್ಯುಲೇಟರಿನ ಕೊಳವೆ ಮ್ಯಾನಿಫೋಲ್ಡಿಗೆ ಸೇರಬೇಕು. ಥ್ರಾಟಲಿನ ಮೇಲೆ ಸಿಂಪಡಿಸುವಂತಿದ್ದರೆ ಅಲ್ಲಿ ಹೊರಗಿನ ಗಾಳಿಯ ಒತ್ತಡವೇ ಇರುವುದರಿಂದ ಆ ಕೊಳವೆಯನ್ನು ತೆರೆದೇ ಬಿಡಬೇಕು.

ಮ್ಯಾನಿಫೋಲ್ಡ್ ಮತ್ತು ಇಂಜೆಕ್ಟರಿನ ಲೆಕ್ಕ

1984ರ ಆರ್‌ಎಕ್ಸ್-7 ಜಿಎಸ್‌ಎಲ್-ಎಸ್‌ಇ ಮಾದರಿಯಲ್ಲಿ ಮಜ್ದಾ ತಾನೇ 13ಬಿ ಎಂಜಿನ್ನಿಗೆ ಇಂಜೆಕ್ಷನ್ ಕೊಟ್ಟಿತ್ತು. ಅದರ ಮ್ಯಾನಿಫೋಲ್ಡನ್ನೇ 12ಎಗೆ ಕೂರಿಸಬಹುದೆಂದು ತೋರುವುದು ಸಹಜ, ಆದರೆ ಅದು ಕೂರುವುದಿಲ್ಲ. 12ಎಯ ರೋಟರ್ 70 ಮಿಲಿಮೀಟರ್ ಅಗಲವಿದ್ದರೆ 13ಬಿಯದು 80. ಹೀಗಾಗಿ ಪೋರ್ಟುಗಳ ನಡುವಿನ ದೂರವೇ ಬೇರೆ. ಮೇಲಾಗಿ ಆ 13ಬಿಗೆ ಆರು ಪೋರ್ಟುಗಳು.

12ಎಗೆ ಉಳಿಯುವ ದಾರಿಗಳಲ್ಲಿ, ನಾಲ್ಕು ಬ್ಯಾರೆಲಿನ ಕಾರ್ಬ್ಯುರೇಟರಿನ ಜಾಗದಲ್ಲೇ ಕೂರುವ, ಇಂಜೆಕ್ಟರುಗಳನ್ನು ಒಳಗೊಂಡ ಥ್ರಾಟಲ್ ಬಾಡಿ ಎಲ್ಲಕ್ಕಿಂತ ಸುಲಭ. ಇದರಲ್ಲಿ ಮ್ಯಾನಿಫೋಲ್ಡ್ ಪೂರ್ತಿ ಪೆಟ್ರೋಲಿನಿಂದ ಒದ್ದೆಯಾಗುವುದರಿಂದ ಅದನ್ನು ಬೆಚ್ಚಗಿಡುವ ಕೂಲಂಟ್ ದಾರಿಗಳನ್ನು ಮುಚ್ಚಬಾರದು. ಇಂಜೆಕ್ಟರಿನ ತೂತುಗಳನ್ನು ಮ್ಯಾನಿಫೋಲ್ಡಿನ ದಾರಿಗಳಿಗೇ ವೆಲ್ಡ್ ಮಾಡಿಸಿ, ಪೋರ್ಟಿನ ಹತ್ತಿರ ಸಿಂಪಡಿಸುವುದು ಹೆಚ್ಚಿನ ಶ್ರಮದ ಆದರೆ ಹೆಚ್ಚು ಒಳ್ಳೆಯ ಫಲಿತಾಂಶದ ದಾರಿ. ಈ ಎಂಜಿನ್ನಿನಲ್ಲಿ ಪ್ರೈಮರಿ ಪೋರ್ಟುಗಳು ನಡುವಿನ ಹೌಸಿಂಗಿನಲ್ಲಿಯೂ ಸೆಕೆಂಡರಿ ಪೋರ್ಟುಗಳು ಮುಂದಿನ, ಹಿಂದಿನ ಹೌಸಿಂಗುಗಳಲ್ಲಿಯೂ ಇವೆ. ಎರಡೇ ಇಂಜೆಕ್ಟರ್ ಹಾಕುವುದಾದರೆ ಅವು ಪ್ರೈಮರಿ ದಾರಿಗಳಲ್ಲಿರಬೇಕು. ನಾಲ್ಕು ಹಾಕುವುದಾದರೆ ಪ್ರೈಮರಿಯವು ಸದಾ ಕೆಲಸ ಮಾಡುತ್ತಿದ್ದು, ಹೊರೆ ಮತ್ತು ವೇಗ ಏರಿದಾಗ ಸೆಕೆಂಡರಿಯವು ಸೇರಿಕೊಳ್ಳುವಂತೆ ಇಸಿಯುವಿನಲ್ಲಿ ಹೊಂದಿಸಬಹುದು. ಥ್ರಾಟಲ್ ಬಾಡಿಯನ್ನು ಬೇಕಿರುವುದಕ್ಕಿಂತ ದೊಡ್ಡದಾಗಿ ಆರಿಸಿದರೆ ಪೆಡಲನ್ನು ಸ್ವಲ್ಪವೇ ಒತ್ತಿದರೂ ವಾಹನ ಕುಪ್ಪಳಿಸುತ್ತದೆ.

ಇಂಜೆಕ್ಟರಿನ ಗಾತ್ರಕ್ಕೆ ಒಂದು ಲೆಕ್ಕ. ಟರ್ಬೊ ಇಲ್ಲದ ರೋಟರಿ ಪೂರ್ಣ ಹೊರೆಯಲ್ಲಿ ಪ್ರತಿ ಅಶ್ವಶಕ್ತಿಗೆ ಗಂಟೆಗೆ ಸುಮಾರು 0.27 ಕಿಲೋಗ್ರಾಂ ಪೆಟ್ರೋಲ್ ಬೇಡುತ್ತದೆಂದು ಇಟ್ಟುಕೊಳ್ಳಬಹುದು. 130 ಅಶ್ವಶಕ್ತಿಗೆ ಗಂಟೆಗೆ 35 ಕಿಲೋಗ್ರಾಂ, ಅಂದರೆ ನಿಮಿಷಕ್ಕೆ ಸುಮಾರು 800 ಸಿಸಿ. ಇಂಜೆಕ್ಟರುಗಳು ಶೇಕಡ 80ಕ್ಕಿಂತ ಹೆಚ್ಚು ಹೊತ್ತು ತೆರೆದಿರಬಾರದೆಂಬ ನಿಯಮ ಸೇರಿಸಿದರೆ ಒಟ್ಟು 1000 ಸಿಸಿ ಬೇಕು, ಅಂದರೆ 500 ಸಿಸಿಯ ಎರಡು ಅಥವಾ 250 ಸಿಸಿಯ ನಾಲ್ಕು. ಪಿಸ್ಟನ್ ಎಂಜಿನ್ನಿನ ಅಂದಾಜಿಗಿಂತ ಇದು ದೊಡ್ಡದಾಗಿ ಕಾಣುವುದಕ್ಕೆ ಕಾರಣವಿದೆ: ಇಲ್ಲಿ ಪ್ರತಿ ರೋಟರ್ ಪ್ರತಿ ಸುತ್ತಿಗೂ ಪೆಟ್ರೋಲ್ ಬೇಡುತ್ತದೆ, 8000 ಆರ್‌ಪಿಎಂನಲ್ಲಿ ಒಂದು ಸುತ್ತಿಗೆ ಸಿಗುವುದು ಕೇವಲ 7.5 ಮಿಲಿಸೆಕೆಂಡ್.

ಸೆನ್ಸರುಗಳು ಮತ್ತು ವೈರಿಂಗ್

ಥ್ರಾಟಲಿನ ಸ್ಥಾನ, ಕೂಲಂಟಿನ ತಾಪ, ಒಳಬರುವ ಗಾಳಿಯ ತಾಪ ಹೇಳುವ ಸೆನ್ಸರುಗಳನ್ನು ಕೂರಿಸುವುದರಲ್ಲಿ ವಿಶೇಷವೇನಿಲ್ಲ. ಮ್ಯಾನಿಫೋಲ್ಡ್ ಒತ್ತಡದ ಸೆನ್ಸರಿಗೆ ಮಾತ್ರ ಗಮನ ಕೊಡಬೇಕು. ನಾಲ್ಕು ಬ್ಯಾರೆಲಿನ ಮ್ಯಾನಿಫೋಲ್ಡಿನಲ್ಲಿ ಎಲ್ಲ ದಾರಿಗಳೂ ಕೂಡುವ ಒಂದು ಕೋಣೆ ಇಲ್ಲದಿದ್ದರೆ, ಒಂದೇ ದಾರಿಯಿಂದ ತೆಗೆದ ಸಂಕೇತ ಆ ರೋಟರಿನ ಮಿಡಿತದೊಂದಿಗೆ ಏರಿಳಿಯುತ್ತದೆ. ಎರಡೂ ಪ್ರೈಮರಿ ದಾರಿಗಳಿಂದ ಕೊಳವೆ ತಂದು ಸಣ್ಣ ಡಬ್ಬಿಯೊಂದರಲ್ಲಿ ಕೂಡಿಸಿ, ಅಲ್ಲಿಂದ ಸೆನ್ಸರಿಗೆ ಕೊಡಬೇಕು. ಬ್ರೇಕ್ ಬೂಸ್ಟರಿನ ನಿರ್ವಾತಕ್ಕೆ ಪ್ರತ್ಯೇಕವಾದ ದಪ್ಪ ಸಂಪರ್ಕ ಇರಬೇಕೆಂಬುದನ್ನೂ ಇಲ್ಲಿಯೇ ನೆನಪಿಡಬೇಕು.

ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ (ಹೊಗೆಯನ್ನು ಅಳೆದು ಮಿಶ್ರಣದ ಗಾಳಿ-ಪೆಟ್ರೋಲ್ ಅನುಪಾತ ತಿಳಿಸುವ ಸೆನ್ಸರ್) ಇಲ್ಲದೆ ಈ ಕೆಲಸಕ್ಕೆ ಇಳಿಯಲೇಬಾರದು. ಪೋರ್ಟಿನ ಹತ್ತಿರದ ಶಾಖಕ್ಕೆ ಅದು ಬೇಗ ಸಾಯುವುದರಿಂದ ಎಕ್ಸಾಸ್ಟ್ ಪೈಪಿನಲ್ಲಿ ಸುಮಾರು ಒಂದು ಮೀಟರ್ ಕೆಳಗೆ, ಎರಡು ರೋಟರುಗಳ ಹೊಗೆ ಕೂಡಿದ ನಂತರ, ಪೈಪಿನ ಮೇಲ್ಮುಖದಲ್ಲಿ ಓರೆಯಾಗಿ ಕೂರಿಸಬೇಕು. ಪೆಟ್ರೋಲಿಗೆ ಬೆರೆಸುವ ಎಣ್ಣೆ ಅದರ ಆಯುಸ್ಸನ್ನು ಕಡಿಮೆ ಮಾಡುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಏರ್ ಪಂಪಿನ ವಿಷಯ. ಕಾರ್ಖಾನೆಯ ಹೊಗೆ ನಿಯಂತ್ರಣ ವ್ಯವಸ್ಥೆ ಎಕ್ಸಾಸ್ಟಿಗೆ ಹೊರಗಿನ ಗಾಳಿಯನ್ನು ಊದುತ್ತದೆ. ಆ ಗಾಳಿ ಸೆನ್ಸರಿಗೆ ತಲುಪಿದರೆ ಅದು ಮಿಶ್ರಣ ತೆಳುವೆಂದು ಸುಳ್ಳು ಹೇಳುತ್ತದೆ, ನಂಬಿದವರು ಪೆಟ್ರೋಲ್ ಸುರಿಯುತ್ತಾ ಹೋಗುತ್ತಾರೆ. ಟ್ಯೂನಿಂಗ್ ನಡೆಯುವಷ್ಟು ಕಾಲ ಆ ಗಾಳಿಯನ್ನು ಎಕ್ಸಾಸ್ಟಿನಿಂದ ಬೇರೆಡೆಗೆ ತಿರುಗಿಸಿರಬೇಕು.

ವೈರಿಂಗಿನಲ್ಲಿ ಇಸಿಯುವಿಗೆ ಒಂದು ಮುಖ್ಯ ರಿಲೇ, ಪಂಪಿಗೆ ಇನ್ನೊಂದು ರಿಲೇ, ಪ್ರತಿಯೊಂದಕ್ಕೂ ಫ್ಯೂಸ್ ಇರಬೇಕು. ಎಂಜಿನ್ ನಿಂತ ಕೂಡಲೇ ಪಂಪೂ ನಿಲ್ಲುವಂತೆ ಅದರ ರಿಲೇಯನ್ನು ಇಸಿಯುವೇ ನಿಯಂತ್ರಿಸಬೇಕು. ಅಪಘಾತದ ಹೊತ್ತಿನಲ್ಲಿ ಜೀವ ಉಳಿಸುವ ವ್ಯವಸ್ಥೆ ಇದು. ಇಸಿಯು ಮತ್ತು ಸೆನ್ಸರುಗಳ ಅರ್ತ್ ವೈರುಗಳನ್ನು ಬಾಡಿಯ ಎಲ್ಲೋ ಒಂದು ಸ್ಕ್ರೂಗೆ ಸಿಕ್ಕಿಸದೆ ಎಂಜಿನ್ ಬ್ಲಾಕಿನ ಶುಚಿಯಾದ ಒಂದೇ ಜಾಗಕ್ಕೆ ತರಬೇಕು. ಟ್ರಿಗರ್ ಸೆನ್ಸರಿನ ವೈರ್ ಕವಚವುಳ್ಳದ್ದಾಗಿದ್ದು ಪ್ಲಗ್ ವೈರುಗಳಿಂದ ದೂರವಿರಲಿ.

ಮೊದಲ ಸ್ಟಾರ್ಟ್

ಇಸಿಯುವಿನಲ್ಲಿ ರೋಟರಿ ಎಂಬ ಆಯ್ಕೆಯಿದ್ದರೆ ರೋಟರುಗಳ ಸಂಖ್ಯೆ ಮತ್ತು ಕೋಣೆಯ ಗಾತ್ರ ನಮೂದಿಸಿದರೆ ಸಾಕು: 12ಎಗೆ 573 ಸಿಸಿ, 13ಬಿಗೆ 654 ಸಿಸಿ. ಪಿಸ್ಟನ್ ಭಾಷೆ ಮಾತ್ರ ತಿಳಿಯುವ ಇಸಿಯುವಿಗೆ ಎರಡು ರೋಟರುಗಳ ಎಂಜಿನ್ನನ್ನು ನಾಲ್ಕು ಸಿಲಿಂಡರಿನ ನಾಲ್ಕು-ಸ್ಟ್ರೋಕ್ ಎಂಜಿನ್ ಎಂದು ಹೇಳಿ, ಗಾತ್ರವನ್ನು ಇಮ್ಮಡಿಯಾಗಿ ಕೊಡಬೇಕು. ಹಾಗೆ ನೋಡಿದರೆ 1146 ಸಿಸಿಯ 12ಎ 2292 ಸಿಸಿ ಆಗುತ್ತದೆ, 1308 ಸಿಸಿಯ 13ಬಿ 2616 ಸಿಸಿ ಆಗುತ್ತದೆ.

ಎಂಜಿನ್ನನ್ನು ಸ್ಟಾರ್ಟ್ ಮಾಡುವ ಮೊದಲು ಪಂಪನ್ನು ಮಾತ್ರ ಹತ್ತು ನಿಮಿಷ ಓಡಿಸಿ ಪ್ರತಿ ಜೋಡಣೆಯನ್ನೂ ಒಣ ಬಟ್ಟೆಯಿಂದ ಒರೆಸಿ ನೋಡಬೇಕು. ಆ ಬಳಿಕ ಇಂಜೆಕ್ಟರುಗಳ ಕನೆಕ್ಟರ್ ಬಿಚ್ಚಿ, ಲೀಡಿಂಗ್ ಪ್ಲಗ್ಗುಗಳನ್ನು ತೆಗೆದು, ಎಣ್ಣೆಯ ಒತ್ತಡ ಬರುವವರೆಗೆ ಸ್ಟಾರ್ಟರ್ ತಿರುಗಿಸಬೇಕು. ಇದೇ ಹೊತ್ತಿನಲ್ಲಿ ಇಂಜೆಕ್ಟರುಗಳು ಮುಚ್ಚಿದಾಗ ತೊಟ್ಟಿಕ್ಕುವುದಿಲ್ಲವೆಂದೂ ಖಚಿತಪಡಿಸಿಕೊಳ್ಳಬೇಕು. ಏಕೆಂದರೆ ರೋಟರಿ ಬಹಳ ಸುಲಭವಾಗಿ ಫ್ಲಡ್ ಆಗುತ್ತದೆ: ಹೆಚ್ಚಾದ ಪೆಟ್ರೋಲ್ ಸೀಲುಗಳ ಮೇಲಿನ ಎಣ್ಣೆಯನ್ನು ತೊಳೆದುಬಿಡುತ್ತದೆ, ಎಣ್ಣೆ ಹೋದರೆ ಕಂಪ್ರೆಷನ್ ಹೋಗುತ್ತದೆ, ಕಂಪ್ರೆಷನ್ ಇಲ್ಲದೆ ಎಷ್ಟು ತಿರುಗಿಸಿದರೂ ಎಂಜಿನ್ ಹಿಡಿಯುವುದಿಲ್ಲ. ಆದುದರಿಂದ ಸ್ಟಾರ್ಟಿಂಗಿನ ಪೆಟ್ರೋಲನ್ನು ಕಡಿಮೆಯಿಂದ ಆರಂಭಿಸಿ ಸ್ವಲ್ಪಸ್ವಲ್ಪವೇ ಏರಿಸಬೇಕು. ಪೆಡಲನ್ನು ಪೂರ್ತಿ ಒತ್ತಿ ಸ್ಟಾರ್ಟರ್ ತಿರುಗಿಸಿದರೆ ಇಂಜೆಕ್ಟರುಗಳು ಮುಚ್ಚಿರುವಂತೆ ಇಸಿಯುವಿನಲ್ಲಿ ಮೊದಲೇ ಹೊಂದಿಸಿರಬೇಕು. ಐದಾರು ಸೆಕೆಂಡಿನ ಕೆಲವು ಪ್ರಯತ್ನಗಳಲ್ಲಿ ಹಿಡಿಯದಿದ್ದರೆ ನಿಲ್ಲಿಸಿ. ಫ್ಲಡ್ ಆಗಿದ್ದರೆ ಪಂಪಿನ ಫ್ಯೂಸ್ ಮತ್ತು ಲೀಡಿಂಗ್ ಪ್ಲಗ್ಗುಗಳನ್ನು ತೆಗೆದು, ಇಗ್ನಿಷನ್ನಿನ ಕಿಡಿಯನ್ನು ನಿಲ್ಲಿಸಿ, ಸ್ಟಾರ್ಟರಿನಿಂದ ಕೋಣೆಗಳನ್ನು ಖಾಲಿಮಾಡಿ, ಪ್ರತಿ ರೋಟರಿಗೂ ಒಂದೆರಡು ಚಮಚ ಎಣ್ಣೆ ಹಾಕಿ ಮತ್ತೆ ತಿರುಗಿಸಿದರೆ ಕಂಪ್ರೆಷನ್ ಮರಳುತ್ತದೆ.

ಟ್ಯೂನಿಂಗ್

ಎಂಜಿನ್ ಬೆಚ್ಚಗಾಗುವವರೆಗೆ 1000ದಿಂದ 1200 ಆರ್‌ಪಿಎಂನಲ್ಲಿ ಇರಲಿ. ಈ ಎಂಜಿನ್ನಿನಲ್ಲಿ ಎಕ್ಸಾಸ್ಟ್ ಪೋರ್ಟ್ ಮುಚ್ಚುವ ಮೊದಲೇ ಇನ್‌ಟೇಕ್ ತೆರೆಯುವುದರಿಂದ ಐಡ್ಲಿಂಗಿನಲ್ಲಿ ಹಳೆಯ ಹೊಗೆ ಹೊಸ ಮಿಶ್ರಣಕ್ಕೆ ಬೆರೆಯುತ್ತದೆ. ಹಾಗಾಗಿ ಅದು 14.7ರ ಗಾಳಿ-ಪೆಟ್ರೋಲ್ ಅನುಪಾತದಲ್ಲಿ ನೆಮ್ಮದಿಯಾಗಿ ನಿಲ್ಲದೆ 13ರ ಆಸುಪಾಸನ್ನು ಬೇಡುತ್ತದೆ. ಐಡ್ಲಿಂಗಿನಲ್ಲಿ ಸೆನ್ಸರನ್ನು ನೋಡಿ ತಾನೇ ಸರಿಪಡಿಸಿಕೊಳ್ಳುವ ಕ್ಲೋಸ್ಡ್ ಲೂಪ್ ವ್ಯವಸ್ಥೆಯನ್ನು ಬಳಸದಿರುವುದೇ ಲೇಸು. ಕಾರಣ, ಮಿಶ್ರಣ ದಟ್ಟವಾಗಿ ಉರಿತ ತಪ್ಪಿದಾಗ ಉರಿಯದ ಆಮ್ಲಜನಕ ಹಾಗೆಯೇ ಹೊರಬಂದು ಸೆನ್ಸರ್ ಅದನ್ನು ತೆಳು ಮಿಶ್ರಣವೆಂದು ಓದುತ್ತದೆ. ಇಸಿಯು ಇನ್ನಷ್ಟು ಪೆಟ್ರೋಲ್ ಸೇರಿಸುತ್ತದೆ, ಉರಿತ ಇನ್ನಷ್ಟು ತಪ್ಪುತ್ತದೆ. ಓದು ತೆಳುವೆಂದಿದ್ದು ಎಕ್ಸಾಸ್ಟ್ ಕಣ್ಣು ಉರಿಸುತ್ತಿದ್ದರೆ ಪೆಟ್ರೋಲ್ ಕಡಿಮೆ ಮಾಡಿ ನೋಡಬೇಕು.

ರಸ್ತೆಗೆ ಇಳಿದ ಮೇಲೆ 2000ದಿಂದ 3500 ಆರ್‌ಪಿಎಂ ನಡುವೆ, ಸ್ಥಿರವಾದ ಹಗುರ ಥ್ರಾಟಲ್‌ನಲ್ಲಿ ಟೇಬಲಿನ ಒಂದೊಂದೇ ಕೋಶವನ್ನು ಸರಿಪಡಿಸಬೇಕು. ಪರದೆ ನೋಡುವವರು ಒಬ್ಬರು, ಓಡಿಸುವವರು ಇನ್ನೊಬ್ಬರು ಇರಲೇಬೇಕು. ಸ್ಥಿರ ಓಟ ಸರಿಯಾಗುವ ಮುನ್ನ ವೇಗವರ್ಧನೆಯ ಹೆಚ್ಚುವರಿ ಪೆಟ್ರೋಲಿನ ತಂಟೆಗೆ ಹೋಗಬಾರದು. ಮೂಲ ಟೇಬಲ್ ತಪ್ಪಿರುವಾಗ ಅದನ್ನು ಹೊಂದಿಸಿದರೆ ಎಲ್ಲವನ್ನೂ ಮತ್ತೆ ಮಾಡಬೇಕಾಗುತ್ತದೆ. ಪೂರ್ಣ ಥ್ರಾಟಲನ್ನು ಸಾಧ್ಯವಿದ್ದರೆ ಡೈನೊ (ವಾಹನವನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ, 12ರಷ್ಟು ದಟ್ಟ ಮಿಶ್ರಣದಿಂದ ಆರಂಭಿಸಿ 12.5ರಿಂದ 13ರ ನಡುವೆ ತಂದು ನಿಲ್ಲಿಸಬೇಕು. ಪಿಸ್ಟನ್ ಎಂಜಿನ್ ಸಣ್ಣ ಡೆಟೊನೇಷನ್ನನ್ನು (ಮಿಶ್ರಣ ಕ್ರಮವಾಗಿ ಉರಿಯದೆ ತಾನಾಗಿ ಸಿಡಿಯುವುದನ್ನು) ಸಹಿಸಿಕೊಂಡು ಎಚ್ಚರಿಕೆ ಕೊಡುತ್ತದೆ. ರೋಟರಿ ಹಾಗಲ್ಲ, ಒಂದೇ ಬಲವಾದ ಡೆಟೊನೇಷನ್ ಎಪೆಕ್ಸ್ ಸೀಲನ್ನು ಮುರಿದು, ಮುರಿದ ಚೂರು ಹೌಸಿಂಗನ್ನು ಗೀರಿ ಹೊರಬರುತ್ತದೆ. ಆದುದರಿಂದ ಮಿಶ್ರಣ ಸರಿಯಾಗಿದೆಯೆಂದು ನಿಶ್ಚಯವಾಗುವವರೆಗೆ ಟೈಮಿಂಗನ್ನು ಒಂದು ಡಿಗ್ರಿಯೂ ಹೆಚ್ಚು ಅಡ್ವಾನ್ಸ್ ಮಾಡಬಾರದು.

ಪೆಡಲ್ ಬಿಟ್ಟು ಇಳಿಜಾರಿನಲ್ಲಿ ಬರುವಾಗ ರೋಟರಿಯ ಎಕ್ಸಾಸ್ಟಿನಲ್ಲಿ ಕೇಳಿಸುವ ಸಿಡಿತ ಉರಿಯದ ಪೆಟ್ರೋಲಿನದು. ಅದು ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡಬಲ್ಲದು. ಎಂಜಿನ್ ಬಿಸಿಯಾಗಿದ್ದು, ಥ್ರಾಟಲ್ ಮುಚ್ಚಿದ್ದು, ವೇಗ ಸುಮಾರು 1800 ಆರ್‌ಪಿಎಂಗಿಂತ ಮೇಲಿದ್ದಾಗ ಪೆಟ್ರೋಲನ್ನು ಪೂರ್ತಿ ನಿಲ್ಲಿಸಿ, ಅದಕ್ಕಿಂತ ಕೆಳಗಿಳಿಯುವಾಗ ಮರಳಿ ಕೊಡುವಂತೆ ಇಸಿಯುವಿಗೆ ಹೇಳಿಬಿಟ್ಟರೆ ಹಳೆಯ ಕಾರ್ಬ್ಯುರೇಟರಿನ ಜೊತೆಗಿದ್ದ ಕೋಸ್ಟಿಂಗ್ ವಾಲ್ವಿನ ಕೆಲಸ ಇನ್ನೂ ಚೆನ್ನಾಗಿ ಆಗುತ್ತದೆ.

ಮೊದಲ ಕೆಲವು ನೂರು ಕಿಲೋಮೀಟರ್ ಓಡಿದ ಬಳಿಕ ನಾಲ್ಕೂ ಪ್ಲಗ್ಗುಗಳನ್ನು ತೆಗೆದು ಎರಡು ರೋಟರುಗಳ ಬಣ್ಣವನ್ನು ಹೋಲಿಸಬೇಕು. ಒಂದು ಜೋಡಿ ಬಿಳಿಚಿಕೊಂಡು ಇನ್ನೊಂದು ಕಪ್ಪಾಗಿದ್ದರೆ ಇಂಜೆಕ್ಟರುಗಳ ಹರಿವು ಸಮನಾಗಿಲ್ಲ, ಅವನ್ನು ಬಿಚ್ಚಿ ಹರಿವಿನ ಪರೀಕ್ಷೆಗೆ ಕಳುಹಿಸಬೇಕು. ಇಂಜೆಕ್ಟರಿನ ಓ-ರಿಂಗುಗಳು, ರೈಲಿನ ಬೋಲ್ಟುಗಳು, ಟ್ರಿಗರ್ ಸೆನ್ಸರಿನ ಬ್ರಾಕೆಟ್ ಇವುಗಳನ್ನು ಇನ್ನೊಮ್ಮೆ ಬಿಗಿದು ನೋಡಬೇಕು. ಮೀಟರಿಂಗ್ ಪಂಪ್ ಉಳಿಸಿಕೊಂಡವರು ಡಿಪ್‌ಸ್ಟಿಕ್ಕಿನಲ್ಲಿ ಎಣ್ಣೆ ಎಷ್ಟು ಇಳಿದಿದೆಯೆಂದು ಬರೆದಿಟ್ಟುಕೊಳ್ಳಬೇಕು. ಹಿಂದೆ ಇಳಿಯುತ್ತಿದ್ದಷ್ಟೇ ಇಳಿದಿದ್ದರೆ ಎಣ್ಣೆ ಸೀಲುಗಳಿಗೆ ತಲುಪುತ್ತಿದೆ. ಏನೂ ಇಳಿಯದಿದ್ದರೆ ಎಂಜಿನ್ನನ್ನು ಮತ್ತೆ ಸ್ಟಾರ್ಟ್ ಮಾಡುವ ಮೊದಲು ಪಂಪಿನ ಕಡ್ಡಿ, ಕೊಳವೆ ಮತ್ತು ನಾಜಲುಗಳನ್ನು ಒಂದೊಂದಾಗಿ ಬಿಚ್ಚಿ ಪರೀಕ್ಷಿಸಿ, ಎಣ್ಣೆ ಇಳಿಯುತ್ತಿದೆಯೆಂದು ಖಾತ್ರಿಯಾಗುವವರೆಗಿನ ಓಡಾಟಕ್ಕೆ ಟ್ಯಾಂಕಿಗೆ ಎಣ್ಣೆ ಬೆರೆಸಿಕೊಳ್ಳಬೇಕು.